ಸಾಲುಸಾಲು ಓದಿದರೆ ಸಾಕೇ?

ನೀಟ್‌ಗೆ ಮನೆಯಲ್ಲೇ ಕೂತು ಓದುವ ಮಕ್ಕಳಿಗೆ ಕಂಡಕಂಡವರೆಲ್ಲ ಕೊಡುವ ಉಪದೇಶ ಒಂದೇ: ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲುಸಾಲಾಗಿ ಓದು, ಬೇರೇನೂ ಬೇಡ. ದುಡ್ಡು ಸುರಿದು ಲಾಂಗ್ ಟರ್ಮ್ ಕೋಚಿಂಗ್‌ಗೆ ಕಳಿಸಲಾಗದ ಮನೆಗಳಿಗೆ ಇದು ದೊಡ್ಡ ಧೈರ್ಯದ ಮಾತು. ನಮ್ಮ ಪಿಯು ವಿಜ್ಞಾನಕ್ಕೂ ಈಗ ಅದೇ ಪಠ್ಯಕ್ರಮ ಇರುವುದರಿಂದ ಒಂದೇ ಓದಿಗೆ ಎರಡು ಪರೀಕ್ಷೆ ಮುಗಿಯುತ್ತದೆಂಬ ಲೆಕ್ಕವೂ ಇದೆ. ಉಪದೇಶ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪತ್ರಿಕೆಯ 720 ಅಂಕಗಳಲ್ಲಿ ಜೀವಶಾಸ್ತ್ರದ ಪಾಲು 360. ಅಷ್ಟರ ಮಟ್ಟಿಗೆ ಈ ಉಪದೇಶವನ್ನು ಬಹುಪಾಲು ನಂಬಬಹುದು.

ಜೀವಶಾಸ್ತ್ರದಲ್ಲಿ ಪುಸ್ತಕದ ವಾಕ್ಯವನ್ನೇ ಎತ್ತಿ, ಒಂದು ಪದ ತಿರುಚಿ, ಸರಿಯೋ ತಪ್ಪೋ ಎಂದು ಕೇಳುವುದುಂಟು. ಚಿತ್ರದ ಅಡಿಬರಹ, ಕೋಷ್ಟಕದ ಮೂಲೆ, ಯಾವುದನ್ನೂ ಬಿಡುವಂತಿಲ್ಲ. ಆದರೆ ಸಾಲುಸಾಲು ಓದುವವರು ಯಾವ ವರ್ಷದ ಪುಸ್ತಕದ ಸಾಲು ಎಂದು ನೋಡಿಕೊಳ್ಳಲೇಬೇಕು. 2024ರಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆ ದೇಶವನ್ನೇ ಕೋರ್ಟಿಗೆ ಎಳೆಯಿತು. ಎಲ್ಲ ಧಾತುಗಳ ಪರಮಾಣುಗಳೂ ಸ್ಥಿರ ಎಂಬರ್ಥದ ಮಾತು ಹಳೆಯ ಮುದ್ರಣದಲ್ಲಿತ್ತು. ಹೊಸದರಲ್ಲಿ ಅದು ಹೆಚ್ಚಿನ ಧಾತುಗಳಿಗೆ ಮಾತ್ರ ಎಂದು ತಿದ್ದಿತ್ತು. ಪರೀಕ್ಷೆ ನಡೆಸುವ ಎನ್‌ಟಿಎ ಮೊದಲು ಎರಡು ಉತ್ತರಗಳಿಗೂ ಅಂಕ ಕೊಟ್ಟಿತು. ದೆಹಲಿ ಐಐಟಿಯ ತಜ್ಞರ ಅಭಿಪ್ರಾಯ ಪಡೆದ ಸುಪ್ರೀಂ ಕೋರ್ಟ್ ಒಂದೇ ಉತ್ತರ ಸರಿ ಎಂದಿತು. 44 ಮಂದಿಯ ಪೂರ್ಣಾಂಕ ಹೋಯಿತು. ಅಕ್ಕನದೋ ಪಕ್ಕದ ಮನೆಯವರದೋ ಹಳೇ ಪುಸ್ತಕ ಹಿಡಿದು ಓದುವುದು ಸ್ವಂತ ಓದಿನವರೇ ಹೆಚ್ಚು. ಜೀರ್ಣಕ್ರಿಯೆ, ಸಸ್ಯಗಳ ಖನಿಜ ಪೋಷಣೆಯಂಥ ಅಧ್ಯಾಯಗಳು ಪಠ್ಯಕ್ರಮದಿಂದಲೇ ಹೋಗಿವೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಓದುವ ರೀತಿಯದು. ಐದನೇ ಸಲ ಓದಿದಾಗ ಪುಟ ಚಿರಪರಿಚಿತ ಅನ್ನಿಸುತ್ತದೆ, ಆ ಪರಿಚಯವನ್ನೇ ತಿಳಿವಳಿಕೆ ಎಂದುಕೊಳ್ಳುತ್ತೇವೆ. ಹೃದಯದ ಪ್ರತಿ ಕುಕ್ಷಿ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತದೆ, ನಿಮಿಷಕ್ಕೆ ಸುಮಾರು 5 ಲೀಟರ್ ಎಂದು ಬಾಯಿಪಾಠ ಮಾಡಿದವನನ್ನು, ನಿಮಿಷಕ್ಕೆ 75 ಬಡಿತ, ಆರು ಲೀಟರ್ ರಕ್ತ, ಒಂದು ಬಡಿತಕ್ಕೆಷ್ಟು ಎಂದು ಕೇಳಿ ನೋಡಿ. ಪುಸ್ತಕ ಮುಚ್ಚಿ 80 ಎಂದವನಿಗೆ ಮಾತ್ರ ಆ ಸಾಲು ದಕ್ಕಿದೆ. ಕೋಚಿಂಗ್ ಸಂಸ್ಥೆಗಳು ಮಾರುವ ಸರಕಿನಲ್ಲಿ ಪಾಠಕ್ಕಿಂತ ಬೆಲೆಬಾಳುವುದು ವಾರವಾರದ ಟೆಸ್ಟೇ. ಮನೆಯಲ್ಲಿ ಓದುವವನಿಗೆ ಪಾಠ ಪುಕ್ಕಟೆ ಸಿಗುತ್ತದೆ, ಯೂಟ್ಯೂಬ್ ತುಂಬ ಅದೇ ಇದೆ. ಅವನಿಗೆ ಇಲ್ಲದ್ದು ತನ್ನನ್ನು ಮುಲಾಜಿಲ್ಲದೆ ಅಳೆಯುವವರು.

ಆ ಅಳತೆ ಯಾಕೆ ಬೇಕೆಂದು ಅಂಕಗಳ ಲೆಕ್ಕವೇ ಹೇಳುತ್ತದೆ. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ, ಸರಿಗೆ ನಾಲ್ಕು. ಹೀಗಾಗಿ ಕಣ್ಣುಮುಚ್ಚಿ ಊಹಿಸಿದರೂ ಸರಾಸರಿಯಲ್ಲಿ ಕಾಲು ಅಂಕ ಲಾಭವೇ. ಎಲ್ಲರೂ ಹೆದರಿಸುವಷ್ಟು ಅಪಾಯ ಅದರಲ್ಲಿಲ್ಲ. ಗೊತ್ತಿದೆ ಎಂದು ಖಾತ್ರಿಯಿಂದ ತುಂಬಿದ ವೃತ್ತ ತಪ್ಪಾದಾಗ ಮಾತ್ರ ಐದು ಅಂಕದ ವ್ಯತ್ಯಾಸ, ಆ ತಪ್ಪು ಪರೀಕ್ಷೆಗೆ ಮುಂಚೆ ಟೆಸ್ಟ್ ಬರೆಯದೆ ಕಾಣುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡು ಮೂರು ತಾಸು ಕೂತು ಬರೆಯುವವರಿಗಷ್ಟೇ ಸ್ವಂತ ಓದು ಎಂಬ ಮಾತು ಒಪ್ಪುತ್ತದೆ.

ಭೌತಶಾಸ್ತ್ರದಲ್ಲಂತೂ ಸಾಲುಸಾಲು ಓದು ಸೋಲುತ್ತದೆ. 2025ರ ಪತ್ರಿಕೆಯಲ್ಲಿ ಭೌತಶಾಸ್ತ್ರ ಎಷ್ಟು ಬಿಗಿಯಾಗಿತ್ತೆಂದರೆ, ದೇಶಕ್ಕೆ ಮೊದಲು ಬಂದವರ ಅಂಕವೇ 686ಕ್ಕೆ ಇಳಿಯಿತು. ಎಚ್.ಸಿ. ವರ್ಮಾ ಅವರ ಪುಸ್ತಕದ ಲೆಕ್ಕಗಳೊಂದಿಗೆ ಒಬ್ಬನೇ ಗುದ್ದಾಡುವುದು ಒಳ್ಳೆಯದೇ. ಆದರೆ ಎಲ್ಲಿ ಎಡವಿದೆ ಎಂದು ಲೆಕ್ಕ ತಾನಾಗಿ ಹೇಳುವುದಿಲ್ಲ. ಕೋಚಿಂಗ್ ಇಲ್ಲದೆ ಸೀಟು ಗಿಟ್ಟಿಸಿದ ಹುಡುಗಿಯೊಬ್ಬಳ ಕಥೆ ಓದಿ ಹಿಗ್ಗುವವರು, ಡೌಟು ಬಂದಾಗ ಆ ಹುಡುಗಿ ಯಾರ ಬಳಿ ಓಡುತ್ತಿದ್ದಳು ಎಂದು ಕೇಳುವುದೇ ಇಲ್ಲ. ಎಷ್ಟೋ ಸಲ ಅದು ಅವಳ ಪಿಯು ಕಾಲೇಜಿನ ಉಪನ್ಯಾಸಕರು. ಆ ಹುದ್ದೆಯೇ ಖಾಲಿ ಬಿದ್ದಿರುವ ಊರಿನ ಹುಡುಗಿಗೂ ನಾವು ಅದೇ ಉಪದೇಶ ಕೊಡುತ್ತಿದ್ದೇವೆ.