ಗೋಲಿನ ಮುಂದೆ ನಿಂತವರು

ಹಾಕಿಯ ಬಗ್ಗೆ ನಮ್ಮಲ್ಲಿ ಬರೆಯುವುದೆಲ್ಲ ಹೆಚ್ಚಾಗಿ ಗೋಲು ಹೊಡೆದವರ ಬಗ್ಗೆಯೇ. ತಡೆಯುವವನ ಹೆಸರು ಪತ್ರಿಕೆಯಲ್ಲಿ ಬರುವುದು ಅವನು ತಪ್ಪಿದ ದಿನ. ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳರ ಪಾಲಿಗೆ ಮಾತ್ರ ಒಂದು ದಿನ ಇದು ತಿರುವುಮುರುವಾಯಿತು.

1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್. ಎದುರಿಗೆ ದಕ್ಷಿಣ ಕೊರಿಯಾ. ಆವನಿಯಲ್ಲಿ ಪಕ್ಕದ ಮನೆಯ ಟೀವಿ ಮುಂದೆ ನಾವೆಲ್ಲ ಕೂತಿದ್ದೆವು. ಆಟ 1–1 ಸಮವಾಗಿ ಪೆನಾಲ್ಟಿ ಸ್ಟ್ರೋಕಿಗೆ ಬಂತು. ಚೆಂಡು ಇರುವುದು ಬರೀ 6.4 ಮೀಟರ್ ದೂರದಲ್ಲಿ. ಕಾಯಬೇಕಾದ ಗೋಲಿನ ಅಗಲ 3.66 ಮೀಟರ್. ಚೆಂಡನ್ನು ನೋಡಿ ಕೈ ಎತ್ತುತ್ತೇನೆಂದರೆ ಆಗಲೇ ತಡ. ಹೊಡೆಯುವವನ ಭುಜ, ಮಣಿಕಟ್ಟು ನೋಡಿಯೇ ದಿಕ್ಕು ಊಹಿಸಬೇಕು. ಬಲ್ಲಾಳರು ಎರಡು ಹೊಡೆತ ತಡೆದರು. 4–2ರಲ್ಲಿ ಗೆಲುವು. 1966ರಲ್ಲಿ ಅದೇ ಬ್ಯಾಂಕಾಕಿನಲ್ಲಿ ಗೆದ್ದ ಮೇಲೆ ಮತ್ತೆ ಚಿನ್ನ ಬರಲು 32 ವರ್ಷ ಹಿಡಿದಿತ್ತು.

ಆ ಸಂಭ್ರಮ ಆರುವ ಮೊದಲೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಮೊದಲಾದ ಹಿರಿಯರನ್ನು ತಂಡದಿಂದ ಕೈಬಿಟ್ಟರು. ವಿಶ್ರಾಂತಿ ಎಂಬ ಕಾರಣ ಕೊಟ್ಟರು. ನನ್ನ ತಕರಾರು ಇಲ್ಲಿದೆ: ಈ ಅನ್ಯಾಯದ ಕಥೆಯನ್ನೂ ನಾವು ಪಿಳ್ಳೈ ಹೆಸರಿನಲ್ಲೇ ಹೇಳುತ್ತೇವೆ. ಪಿಳ್ಳೈ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಡೆದವರಿಗೆ ಅನ್ಯಾಯದಲ್ಲೂ ಎರಡನೇ ಸಾಲೇ?

ಊರನ್ನು ದೂರುವ ನಾನೇನು ಕಡಿಮೆ? ಆಟದ ಪಿರಿಯಡ್ಡಿನಲ್ಲಿ ಓಡಲಾರದ ಹುಡುಗಿಯನ್ನೇ ಹುಡುಕಿ ಗೋಲಿಗೆ ನಿಲ್ಲಿಸುತ್ತಿದ್ದೆ. ಒಮ್ಮೆ ಅಂಥವಳೊಬ್ಬಳು, “ಚೆಂಡು ಬರ್ದಿದ್ರೂ ನಾನು ಆಡ್ದಂಗೇನಾ ಮಿಸ್?” ಎಂದು ಕೇಳಿದಳು. ಹೂಂ ಎಂದೆ. ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಗೋಲು ಹೊಡೆದ ಮೂವರ ಹೆಸರು ಮಾತ್ರ ಇತ್ತು.