ಗೆರೆಯಾಚೆಯ ಗದ್ದಲ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಶಾಲಾ ಕ್ರೀಡಾಕೂಟಗಳಲ್ಲಿ ಕಬಡ್ಡಿ ಅಂಕಣದ ಸುತ್ತ ಗೋಡೆ ಕಟ್ಟಿದಂತೆ ನಿಲ್ಲುವ ಜನರನ್ನು ನೋಡಿ ಉತ್ಸಾಹವೆಂದು ಹೊಗಳುತ್ತೇವೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಕಬಡ್ಡಿ ಕಿವಿಯನ್ನು ನಂಬಿದ ಆಟ. ರೇಡಿಗೆ ಹೋದ ಮಗು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು, ಅದು ಅಂಪೈರಿಗೆ ಸ್ಪಷ್ಟವಾಗಿ ಕೇಳಬೇಕು. ದಮ್ಮು ಬಿಟ್ಟರೆ ಔಟ್. ಸುಣ್ಣದ ಗೆರೆಗೆ ಕಾಲ್ಬೆರಳು ತಾಗಿಸಿ ನಿಂತ ದೊಡ್ಡವರು ‘ಹಿಡಿ’, ‘ಪಕಡ್’, ‘ಧರ’ ಎಂದು ಈ ಗಡಿಸೀಮೆಯ ಮೂರೂ ಭಾಷೆಗಳಲ್ಲಿ ಅಬ್ಬರಿಸುವಾಗ ಹದಿಮೂರರ ಹುಡುಗಿಯ ದನಿ ಎಲ್ಲಿ ಉಳಿಯಬೇಕು? ಅಂಪೈರ್ ಅವಳ ತುಟಿ ನೋಡಿ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ಅವರ ಮೇಲೆ ಜಗಳಕ್ಕೆ ಬರುವವರೂ ಇದೇ ದೊಡ್ಡವರು. ಖೊಖೊದಲ್ಲೂ ಹೀಗೆಯೇ. ಬೆನ್ನಿಗೆ ಕೈ ತಾಗಿ ‘ಖೋ’ ಕೇಳಿದ ಮೇಲಷ್ಟೇ ಕುಳಿತ ಮಗು ಏಳಬೇಕು. ಹೊರಗಿನಿಂದ ಹತ್ತು ಜನ ‘ಏಳು, ಏಳು’ ಎಂದರೆ ಅವಸರಕ್ಕೆ ಎದ್ದ ಮಂಡಿ ಫೌಲಾಗುತ್ತದೆ.

ಹಲಗೆ, ಸೀಟಿ, ಕೇಕೆ ಇಲ್ಲದೆ ಜಾತ್ರೆಯ ಕುಸ್ತಿಗೆ ಕಳೆಯುಂಟೇ ಎಂದು ಕೇಳುವವರಿದ್ದಾರೆ. ಇಲ್ಲ, ನಿಜ. ಆದರೆ ಕುಸ್ತಿಯ ತೀರ್ಪು ಬೆನ್ನು ಮಣ್ಣಿಗೆ ತಾಗುವುದರಲ್ಲಿದೆ. ಅದಕ್ಕೆ ಕಣ್ಣು ಸಾಕು. 2014ರಿಂದ ಟಿವಿಯಲ್ಲಿ ನೋಡುತ್ತಿರುವ ಪ್ರೊ ಕಬಡ್ಡಿಯ ಗದ್ದಲವೂ ಮಾದರಿಯಾಗದು. ಅಲ್ಲಿ 30 ಸೆಕೆಂಡಿನ ಗಡಿಯಾರ ಎಲ್ಲರ ಕಣ್ಣೆದುರಿಗಿದೆ, ಅನುಮಾನ ಬಂದರೆ ವಿಡಿಯೊ ಉಂಟು, ಆಡುವವರು ವೃತ್ತಿಪರರು. ಶಾಲೆಯ ಅಂಗಳದಲ್ಲಿರುವುದು ಒಂದು ಸೀಟಿ, ಒಬ್ಬರ ಕಿವಿ.

‘ನಮ್ಮ ಮಗುವಿಗೆ ನಾವು ಹೇಳಿಕೊಡಬಾರದೇ?’ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ತಾಲ್ಲೂಕಿನಲ್ಲಿ ಸೋತರೆ ಬೀದರಿನ ಜಿಲ್ಲಾ ಕೂಟದ ದಾರಿ ಮುಚ್ಚಿತು. ಕಲಬುರಗಿ ವಿಭಾಗದ ಮಾತಂತೂ ದೂರ. ಹೆತ್ತವರ ಕಳವಳ ಸುಳ್ಳಲ್ಲ. ಆದರೂ ಕಬಡ್ಡಿಯ ನಿಯಮ ಇದಕ್ಕೆ ಮೊದಲೇ ಉತ್ತರ ಕೊಟ್ಟಿದೆ: ಎದುರಾಳಿಯ ಅಂಕಣದಲ್ಲಿರುವ ರೇಡರ್‌ಗೆ ಸ್ವಂತ ತಂಡದವರೇ ಎಚ್ಚರಿಕೆ ಕೂಗಿದರೂ ಎದುರಾಳಿಗೆ ಒಂದು ಅಂಕ. ಯಾರ ಪಾದ ಮುಂದಿದೆ, ಮೂಲೆಯವಳು ಯಾವಾಗ ನುಗ್ಗುತ್ತಾಳೆ ಎಂಬುದನ್ನು ಮಗು ತಾನೇ ಕಂಡುಕೊಳ್ಳಬೇಕು. ಆಟದ ತಿರುಳೇ ಅದು. ಅಪ್ಪ ಕೂಗಿದರೆ ಅವಳ ಕಣ್ಣು ಎದುರಾಳಿಯ ಪಾದ ಬಿಟ್ಟು ಅಪ್ಪನ ಮುಖಕ್ಕೆ ಹೋಗುತ್ತದೆ. ಕಾಲು ಹಿಡಿದು ಕೆಡವುವವರಿಗೆ ಅಷ್ಟು ಹೊತ್ತು ಸಾಕು. ಹೇಳಿಕೊಡಲು ಟೈಂ ಔಟ್ ಇದೆ, ವಿರಾಮವಿದೆ, ಪಿ.ಟಿ. ಮಾಸ್ತರರಿದ್ದಾರೆ. ದೊಡ್ಡವರು ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ರೇಡ್ ಮುಗಿಯುವವರೆಗೆ ಸುಮ್ಮನಿದ್ದು, ಸೀಟಿ ಬಿದ್ದ ಮೇಲೆ ಬೇಕಾದಷ್ಟು ಕೂಗಲಿ, ಗೆದ್ದದ್ದು ಎದುರಿನ ಊರಿನ ಮಗುವಾದರೂ ಕೂಗಲಿ. ಕೇಳುತ್ತಿರುವುದು 30 ಸೆಕೆಂಡಿನ ಮೌನವನ್ನು ಮಾತ್ರ, ಒಂದು ಮಗುವಿನ ದಮ್ಮು ಅಂಪೈರಿನ ಕಿವಿ ಮುಟ್ಟುವಷ್ಟು.