ಅಂಕಿತವಿಲ್ಲದ ತಂತಿ: ಭೂಪಿಂದರ್ ಸಿಂಗ್ ಅವರನ್ನು ಕುರಿತ ನಾಲ್ಕು ಪ್ರಶ್ನೆಗಳು

ಗಿಟಾರುವಾದಕ, ಗಾಯಕ ಹಾಗೂ ಸ್ವರಸಂಯೋಜಕ ಭೂಪಿಂದರ್ ಸಿಂಗ್ (೧೯೪೦–೨೦೨೨) ಅವರನ್ನು ಕುರಿತು ಮುಂಬಯಿಯ ಚಿತ್ರಗೀತಾಭಿಮಾನಿಗಳು ಪದೇಪದೇ ಕೇಳುವ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು. ಅವರು ಮೂಲತಃ ಗಾಯಕರೇ, ವಾದಕರೇ? ಯಾವ ಯಾವ ಗೀತೆಗಳ ಗಿಟಾರು ಅವರದು? ಸ್ವರಸಂಯೋಜಕರಾಗಿ ಅವರ ಸ್ಥಾನವೇನು? ಅವರು ಚಿತ್ರರಂಗದಿಂದ ಏಕೆ ದೂರ ಸರಿದರು? ಇವು ಕೇವಲ ಅಭಿಮಾನಿಗಳ ಕುತೂಹಲವೆಂದು ವಿದ್ವದ್ವಲಯ ಬದಿಗಿಡುವುದುಂಟು. ನಮ್ಮ ದೃಷ್ಟಿಯಲ್ಲಿ ಇವು ಕರ್ತೃತ್ವದ ಪ್ರಶ್ನೆಗಳು. ಹಳೆಯ ಕೃತಿಗಳೊಡನೆ ಏಗುವವರಿಗೆ ಚಿರಪರಿಚಿತವಾದವು.

ಮೊದಲನೆಯ ಪ್ರಶ್ನೆಗೆ ಜೀವನವೃತ್ತಾಂತದಲ್ಲಿಯೇ ಉತ್ತರವಿದೆ. ಅಮೃತಸರದಲ್ಲಿ ಹುಟ್ಟಿದ ಭೂಪಿಂದರ್ ಅವರಿಗೆ ಸಂಗೀತಶಿಕ್ಷಕರಾಗಿದ್ದ ತಂದೆ ನಾಥಾ ಸಿಂಗ್ ಅವರೇ ಮೊದಲ ಗುರು. ದೆಹಲಿಯ ಆಕಾಶವಾಣಿಯಲ್ಲಿ ದುಡಿಯುತ್ತಿದ್ದ ಅವರ ಕಂಠವನ್ನು ಮದನ್ ಮೋಹನ್ ಗುರುತಿಸಿ ಮುಂಬಯಿಗೆ ಕರೆಸಿದರು. ೧೯೬೪ರ ‘ಹಕೀಕತ್’ ಚಿತ್ರದಲ್ಲಿ ಮಹಮ್ಮದ್ ರಫಿ, ತಲತ್ ಮಹಮೂದ್, ಮನ್ನಾ ಡೇ ಅವರ ಸಂಗಡ ಹಾಡುವ ಅವಕಾಶ ಒದಗಿತು. ೧೯೬೬ರ ‘ಆಖರೀ ಖತ್’ ಚಿತ್ರದಲ್ಲಿ ಖಯ್ಯಾಮರು ಒಂದು ಗೀತೆಯನ್ನು ಅವರೊಬ್ಬರಿಂದಲೇ ಹಾಡಿಸಿದರು. ಹಾಡಲು ಬಂದ ಈ ತರುಣ ಮುಂದೆ ಹಿಮ್ಮೇಳದ ಗಿಟಾರುವಾದಕನಾಗಿಯೂ ಬೇಡಿಕೆ ಗಳಿಸಿದ. ಆದುದರಿಂದ ‘ಗಾಯಕನೋ ವಾದಕನೋ’ ಎಂಬ ವಿಕಲ್ಪವೇ ಇಲ್ಲಿ ಸಲ್ಲದು. ಒಂದೇ ಕೈಯಿಂದ ಎರಡು ಬಗೆಯ ಕೆಲಸ ನಡೆಯಿತು. ಒಂದಕ್ಕೆ ಹೆಸರು ದಕ್ಕಿತು, ಇನ್ನೊಂದಕ್ಕೆ ದಕ್ಕಲಿಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಜಟಿಲವಾದುದು. ತಾರದೇವದ ಫಿಲ್ಮ್ ಸೆಂಟರಿನಂತಹ ಧ್ವನಿಮುದ್ರಣಾಲಯಗಳಲ್ಲಿ ರಾಹುಲ್ ದೇವ್ ಬರ್ಮನ್ನರ ವಾದ್ಯವೃಂದ ಕೆಲಸ ಮಾಡುತ್ತಿದ್ದ ಕಾಲವದು. ‘ಹರೇ ರಾಮಾ ಹರೇ ಕೃಷ್ಣಾ’ (೧೯೭೧), ‘ಯಾದೋಂ ಕೀ ಬಾರಾತ್’ (೧೯೭೩) ಚಿತ್ರಗಳಲ್ಲಿ ಆಶಾ ಭೋಸ್ಲೆ ಹಾಡಿದ ಪ್ರಸಿದ್ಧ ಗೀತೆಗಳ ಗಿಟಾರು ಭೂಪಿಂದರ್ ಅವರದೆಂಬುದು ವ್ಯಾಪಕವಾಗಿ ಒಪ್ಪಿತವಾದ ಸಂಗತಿ. ಆದರೆ ಧ್ವನಿಮುದ್ರಿಕೆಯ ಮೇಲಿನ ಚೀಟಿಯಲ್ಲಿ ಚಿತ್ರ, ಗಾಯಕ, ಗೀತಕಾರ, ಸಂಗೀತನಿರ್ದೇಶಕ ಇಷ್ಟೇ ಹೆಸರುಗಳು. ಒಂದೇ ಗೀತೆಯಲ್ಲಿ ಒಬ್ಬ ತಾಳ ಹಿಡಿದು ಮೀಟಿದರೆ ಇನ್ನೊಬ್ಬ ಸ್ವರಪಂಕ್ತಿ ನುಡಿಸುತ್ತಿದ್ದ, ಮತ್ತೊಬ್ಬ ಮಂದ್ರದ ಗಿಟಾರು ಹಿಡಿದಿರುತ್ತಿದ್ದ. ಈ ಯಾರಿಗೂ ಅಂಕಿತವಿಲ್ಲ.

ವಚನಕ್ಕೆ, ಕೀರ್ತನೆಗೆ ಅಂಕಿತವುಂಟು. ಅಂಕಿತವಿದ್ದೂ ಪುರಂದರದಾಸರ ಹೆಸರಿಗೆ ಪರರ ಹಾಡುಗಳು ಸೇರಿಕೊಂಡುದನ್ನು ನಾವು ಬಲ್ಲೆವು. ಅಂಕಿತವೇ ಇಲ್ಲದಲ್ಲಿ ಪ್ರಸಿದ್ಧನೊಬ್ಬನ ಸುತ್ತ ಅನಾಮಧೇಯರ ದುಡಿಮೆಯೆಲ್ಲ ಬಂದು ನೆಲೆಗೊಳ್ಳುವುದು ಇನ್ನೂ ಸುಲಭ. ಆ ಕಾಲದ ಚೆಲುವಾದ ಪ್ರತಿಯೊಂದು ಗಿಟಾರುನುಡಿಯನ್ನೂ ಭೂಪಿಂದರ್ ಅವರಿಗೆ ಒಪ್ಪಿಸುವ ಅಭಿಮಾನಿಯು ಪ್ರೀತಿಯಿಂದಲೇ ಬೇರೊಬ್ಬ ವಾದಕನ ಹೆಸರನ್ನು ಅಳಿಸುತ್ತಿರಬಹುದು. ವಾದಕನ ಸ್ವಂತ ಹೇಳಿಕೆ, ಸಹವಾದಕರ ಸ್ಮರಣೆ, ನುಡಿಕಾರದ ಶೈಲಿ ಈ ಮೂರೂ ಕೂಡಿದಲ್ಲಿ ಮಾತ್ರ ನಿರ್ಣಯ ಸಾಧ್ಯ. ಶೈಲಿಯೊಂದನ್ನೇ ನೆಚ್ಚುವುದು ಅಪಾಯಕರ. ಮುಂಬಯಿಯ ವಾದ್ಯಗಾರರ ಮೌಖಿಕ ಹೇಳಿಕೆಗಳನ್ನು ಆಧರಿಸಿ ಗ್ರೆಗರಿ ಬೂತ್ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮಾರ್ಗದಲ್ಲಿ ಮಹತ್ತ್ವದ ಹೆಜ್ಜೆ.

ಹಾಗಾದರೆ ವಾದಕನನ್ನು ಕರ್ತೃವೆನ್ನಬಹುದೇ? ‘ಕವಿರಾಜಮಾರ್ಗ’ದ ಚರ್ಚೆ ಇಲ್ಲಿ ನೆರವಿಗೆ ಬರುತ್ತದೆ. ಆ ಗ್ರಂಥವು ತಾನು ನೃಪತುಂಗನ ಅನುಮತಿ ಪಡೆದುದೆಂದು ಹೇಳಿಕೊಳ್ಳುತ್ತದೆ. ಅದನ್ನು ರಚಿಸಿದವನು ಅರಸನೋ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದರು. ಅನುಮತಿಸುವುದು ಬೇರೆ, ರಚಿಸುವುದು ಬೇರೆ ಎಂಬ ವಿವೇಕ ಆ ವಾದದ ಫಲ. ಸಂಗೀತನಿರ್ದೇಶಕನ ಸ್ಥಾನ ಇವೆರಡರ ನಡುವಿನದು. ರಾಗದ ಧಾಟಿ ಅವನದು, ಆಯ್ಕೆ ಅವನದು; ಆದರೆ ಗೀತೆಯ ಬಾಗಿಲಲ್ಲಿ ಕೇಳಿಬರುವ ನಾಲ್ಕು ಸ್ವರಗಳನ್ನು ವಾದಕನೇ ಹೊಳೆಯಿಸಿಕೊಟ್ಟಿದ್ದರೆ ಆ ಮಟ್ಟಿಗೆ ಅವನೂ ಕರ್ತೃವೇ. ಇದರಿಂದ ಬರ್ಮನ್ನರ ಹಿರಿಮೆಗೆ ಕುಂದಿಲ್ಲ; ತಕ್ಕ ವಾದಕನನ್ನು ಆರಿಸುವುದೂ ಪ್ರತಿಭೆಯೇ.

ಮೂರನೆಯ ಪ್ರಶ್ನೆಗೆ ಚಿತ್ರೇತರ ಧ್ವನಿಮುದ್ರಿಕೆಗಳನ್ನು ನೋಡಬೇಕು. ಅಲ್ಲಿ ಭೂಪಿಂದರ್ ತಾವೇ ಸ್ವರ ಹಾಕಿದರು, ತಾವೇ ಹಾಡಿದರು. ಗುಲ್ಜಾರರ ಕವಿತೆಗಳ ‘ವೋ ಜೋ ಶಾಯರ್ ಥಾ’ ಇವುಗಳಲ್ಲಿ ಪ್ರಮುಖವಾದುದು. ಹಾರ್ಮೋನಿಯಂ, ಸಾರಂಗಿ, ತಬಲಾಗಳ ಗಜಲಿನ ಕೂಟಕ್ಕೆ ಅವರು ಸ್ಪ್ಯಾನಿಷ್ ಗಿಟಾರನ್ನು ತಂದುದು ಅಲಂಕಾರಕ್ಕಾಗಿಯಲ್ಲ. ಸಾರಂಗಿ ಗಾಯಕನ ದನಿಯನ್ನು ಹಿಂಬಾಲಿಸುತ್ತದೆ. ಗಿಟಾರು ಒಮ್ಮೆ ಮೀಟಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಅವರ ಗಂಭೀರವಾದ, ತುಸು ಒಡಕಿನ ಕಂಠಕ್ಕೆ ಎಡೆ ದೊರೆಯಿತು. ಆದರೆ ದೋಷವನ್ನೂ ಹೇಳಬೇಕು. ಸ್ವರಮೇಳದ ಚೌಕಟ್ಟು ಬಿಗಿಯಾದಂತೆ ಮೀಂಡಿನ ಸೂಕ್ಷ್ಮತೆ ಸವೆಯುತ್ತದೆ. ಕೆಲವು ರಚನೆಗಳು ಒಂದನ್ನೊಂದು ಹೋಲತೊಡಗುತ್ತವೆ. ಅವರ ಗಾಯನದ ಉನ್ನತಿ ಪರರ ಸಂಯೋಜನೆಗಳಲ್ಲಿಯೇ ಕಾಣುತ್ತದೆಂಬುದು ನಮ್ಮ ಅಭಿಪ್ರಾಯ. ಮುಂಬಯಿಯಲ್ಲಿ ಮನೆ ಹುಡುಕುವವರ ಕಥೆಯಾದ ‘ಘರೌಂದಾ’ (೧೯೭೭) ಚಿತ್ರಕ್ಕಾಗಿ ಜೈದೇವ್ ಸ್ವರ ಹಾಕಿದ ಒಂಟಿ ನಗರವಾಸಿಯ ಗೀತೆ ಇದಕ್ಕೆ ನಿದರ್ಶನ.

ನಾಲ್ಕನೆಯ ಪ್ರಶ್ನೆಯ ಹಿಂದೆ ಅನ್ಯಾಯದ ಶಂಕೆಯಿದೆ. ೧೯೮೦ರ ದಶಕದಿಂದ ಅವರು ಪತ್ನಿ ಮಿತಾಲಿ ಅವರೊಡನೆ ಗಜಲ್ ಗಾಯನದತ್ತ ಹೆಚ್ಚಾಗಿ ಹೊರಳಿದರು. ಇದನ್ನು ಸೋಲೆಂದು ಓದಬೇಕಾಗಿಲ್ಲ. ಗಜಲಿನ ಕೊನೆಯ ದ್ವಿಪದಿಯಲ್ಲಿ ಕವಿಯು ತನ್ನ ಕಾವ್ಯನಾಮವನ್ನು ಹೇಳಿಕೊಳ್ಳುವ ಸಂಪ್ರದಾಯವಿದೆ. ಹೆಸರಿಲ್ಲದ ವಾದನದಿಂದ ಹೆಸರಿಗೆ ಮನ್ನಣೆಯಿರುವ ಪ್ರಕಾರಕ್ಕೆ ನಡೆದ ಈ ಪಯಣ ಅರ್ಥಪೂರ್ಣವಾದುದು.

ಹೆಸರಿನ ಪ್ರಶ್ನೆ ಗೌರವಕ್ಕಷ್ಟೇ ಸಂಬಂಧಿಸಿದುದಲ್ಲ. ೧೯೯೪ರ ತಿದ್ದುಪಡಿಯಿಂದ ಕೃತಿಸ್ವಾಮ್ಯದ ಕಾಯಿದೆಯಲ್ಲಿ ಪ್ರದರ್ಶಕನ ಹಕ್ಕು ಸೇರಿತು. ಆದರೆ ೨೦೧೨ರ ತಿದ್ದುಪಡಿಯ ಪ್ರಕಾರ, ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಪಾಲ್ಗೊಂಡು, ಉದ್ಯಮದ ವಾಡಿಕೆಯಂತೆ ಹೆಸರಿನ ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದವನು ಬಹುಮಟ್ಟಿಗೆ ಪ್ರದರ್ಶಕನೆನಿಸುವುದಿಲ್ಲ. ಹೆಸರು ಬಿಟ್ಟುಹೋದುದೇ ಹಕ್ಕು ಬಿಟ್ಟುಹೋಗಲು ಕಾರಣವಾಗಬಲ್ಲುದು.

ಭೂಪಿಂದರ್ ೨೦೨೨ರ ಜುಲೈ ೧೮ರಂದು ಮುಂಬಯಿಯಲ್ಲಿ ನಿಧನರಾದರು. ಅವರಿಗೆ ಕಂಠವಿತ್ತು, ಆದುದರಿಂದ ಹೆಸರು ಉಳಿಯಿತು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅನೇಕರಿಗೆ ಆ ಭಾಗ್ಯವಿರಲಿಲ್ಲ. ಹೊರನಾಡಿನ ಸಂಶೋಧಕರು ಇದರಿಂದ ಪಡೆಯಬೇಕಾದ ಪಾಠವುಂಟು. ಮುಂಬಯಿ ಮತ್ತು ಉಪನಗರಗಳ ಕನ್ನಡ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರಾರು, ಯಕ್ಷಗಾನ ಪ್ರದರ್ಶನಗಳಲ್ಲಿ ಚೆಂಡೆ ಮದ್ದಳೆ ಹಿಡಿದವರಾರು ಎಂಬುದನ್ನು, ಬಲ್ಲವರು ಇರುವಾಗಲೇ ಕೇಳಿ ಬರೆದಿಡಬೇಕು. ಹಸ್ತಪ್ರತಿಯ ಲಿಪಿಕಾರನು ಕೊನೆಯ ಗರಿಯಲ್ಲಿ ತನ್ನ ಹೆಸರನ್ನು ಬರೆದಿಡುವ ವಾಡಿಕೆಯಾದರೂ ಇತ್ತು. ಹಿಮ್ಮೇಳದವನಿಗೆ ಆ ಗರಿಯನ್ನು ನಾವೇ ಒದಗಿಸಬೇಕಾಗಿದೆ.